ಪ್ಲಾಟಿನಮ್ಮಿನ ಜಾಗದಲ್ಲಿ ಕೂತ ಕರಿ ಕಡ್ಡಿ

ನಾನು ಒಂದು ಕರಿ ಕಡ್ಡಿ. ಉದ್ದ ಕಿರುಬೆರಳಿನಷ್ಟು, ದಪ್ಪ ಪೆನ್ಸಿಲ್ಲಿಗಿಂತ ಒಂಚೂರು ಹೆಚ್ಚು. ಟಾರ್ಚಿನ ಸೆಲ್ಲನ್ನು ಕಲ್ಲಿನಿಂದ ಜಜ್ಜಿ ನೋಡಿದವರಿಗೆಲ್ಲ ನಾನು ಗೊತ್ತು. ನೀವೂ ಚಿಕ್ಕಂದಿನಲ್ಲಿ ನನ್ನಂಥವನನ್ನು ಹೊರತೆಗೆದು ಗೋಡೆಯ ಮೇಲೆ ಗೀಚಿರುತ್ತೀರಿ, ಮನೆಯಲ್ಲಿ ಬೈಸಿಕೊಂಡಿರುತ್ತೀರಿ. ಗೀಚುವುದಕ್ಕಿಂತ ದೊಡ್ಡ ಕೆಲಸ ನಮ್ಮ ಕುಲದವರಿಂದ ಆದೀತೆಂದು ಯಾರೂ ಎಣಿಸಿರಲಿಲ್ಲ. ಆದರೆ ಒಂದು ಪಿಎಚ್.ಡಿ.ಯನ್ನು ಮುಳುಗಿಸಿದವನು ನಾನೇ, ಎತ್ತಿ ದಡ ಸೇರಿಸಿದವನೂ ನಾನೇ. ಜಂಬ ಎನಿಸಿದರೆ ಎನಿಸಲಿ. ಕಥೆ ಕೇಳಿ, ಆಮೇಲೆ ನೀವೇ ಹೇಳಿ.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯಲ್ಲಿ. ಇದ್ದಿಲ ಪುಡಿಗೆ ಡಾಂಬರಿನಂಥ ಅಂಟು ಕಲಸಿ, ಶಾವಿಗೆ ಒತ್ತಿದ ಹಾಗೆ ಒತ್ತಿ, ಭಟ್ಟಿಯಲ್ಲಿ ದಿನಗಟ್ಟಲೆ ಸುಟ್ಟರು. ಆಮೇಲೆ ತಲೆಗೊಂದು ಪಿತ್ತಾಳೆ ಟೋಪಿ ಇಟ್ಟು, ಸುತ್ತ ಕರಿ ಪುಡಿ ತುಂಬಿ, ಸತುವಿನ ಡಬ್ಬಿಯೊಳಗೆ ಕೂರಿಸಿದರು. ಮೇಲೆ ಕೆಂಪು ತಗಡಿನ ಅಂಗಿ. ಟೋಪಿಯ ತುದಿ ಮಾತ್ರ ಹೊರಗೆ ಇಣುಕುತ್ತಿತ್ತು. ಬಹಳ ದಿನ ನಾನು ಲೋಕ ಕಂಡದ್ದು ಆ ತುದಿಯಿಂದಲೇ.

ನನ್ನನ್ನು ಕೊಂಡವನು ಹುಸೇನಸಾಬ. ಗದಗಿನಿಂದ ಒಂದು ಗಂಟೆ ದಾರಿಯಲ್ಲಿರುವ ಒಂದು ವಿಶ್ವವಿದ್ಯಾಲಯ, ಅದರ ರಸಾಯನಶಾಸ್ತ್ರ ವಿಭಾಗದಲ್ಲಿ ಅವನು ಅಟೆಂಡರ್. ಇಪ್ಪತ್ತಾರು ವರ್ಷದ ಸರ್ವೀಸು. ಯಾವ ಬಾಟಲಿ ಯಾವ ಕಪಾಟಿನಲ್ಲಿದೆ ಎಂದು ಪ್ರೊಫೆಸರುಗಳು ಅವನನ್ನೇ ಕೇಳಬೇಕು. ಸಾಮಾನಿನ ಕೋಣೆಗೆ ಕಿಟಕಿಯಿಲ್ಲ, ಹಾಗಾಗಿ ಅವನ ಕೈಯಲ್ಲಿ ಹಗಲೂ ಟಾರ್ಚು. ಅದರೊಳಗೆ ಮೂವರು ಸೆಲ್ಲುಗಳಲ್ಲಿ ನಾನು ನಡುವಿನವನು. ಒಂದು ವರ್ಷ ದುಡಿದೆ. ಬೆಳಕು ಮಂಕಾದಾಗ ಹುಸೇನಸಾಬ ನಮ್ಮನ್ನು ಬಿಸಿಲಿಗಿಟ್ಟು ಮತ್ತೆರಡು ವಾರ ದುಡಿಸಿದ. ಆಮೇಲೆ ಪೂರ್ತಿ ಸತ್ತೆವು. ಎಸೆಯುವ ಮನಸ್ಸಾಗದೆ ನನ್ನನ್ನು ಪ್ರಯೋಗಶಾಲೆಯ ಕಿಟಕಿಯ ಕಟ್ಟೆಯ ಮೇಲೆ ನಿಲ್ಲಿಸಿ ಮರೆತುಬಿಟ್ಟ.

ಆ ಕಟ್ಟೆ ಒಳ್ಳೆಯ ಜಾಗ. ಹೊರಗೆ ನೋಡಿದರೆ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಒಳಗೆ ನೋಡಿದರೆ ನೀಲಾಂಬಿಕಾ ಪತ್ತಾರ.

ನೀಲಾಂಬಿಕಾ ಗದಗಿನ ಅಕ್ಕಸಾಲಿ ಮೌನೇಶ ಪತ್ತಾರರ ಒಬ್ಬಳೇ ಮಗಳು. ಪಿಎಚ್.ಡಿ.ಗೆ ಸೇರಿ ನಾಲ್ಕೂವರೆ ವರ್ಷವಾಗಿತ್ತು. ಮಾತು ಕಡಿಮೆ, ಹಟ ಜಾಸ್ತಿ. ಅವಳ ಕೆಲಸ ಏನೆಂದು ನಾನು ಕಟ್ಟೆಯ ಮೇಲೆ ಕೂತೇ ಕಲಿತೆ. ನೀರಿಗೆ ಕರೆಂಟು ಕೊಟ್ಟರೆ ಅದು ಒಡೆದು ಹೈಡ್ರೋಜನ್ ಬರುತ್ತದೆ. ಅದು ಉರಿದರೆ ಹೊಗೆಯಿಲ್ಲ, ಮತ್ತೆ ನೀರೇ. ಈಗ ಜಗತ್ತಿನಲ್ಲಿ ಹೈಡ್ರೋಜನ್ನನ್ನು ಬಹುಪಾಲು ತೆಗೆಯುವುದು ನೆಲದಡಿಯ ಗ್ಯಾಸಿನಿಂದ, ಕಲ್ಲಿದ್ದಲಿನಿಂದ. ಅದರ ಬೆನ್ನಿಗೇ ಹೊಗೆ ಬರುತ್ತದೆ. ಆ ಗುಡ್ಡದ ಗಾಳಿಯ ಕರೆಂಟಿನಿಂದ ನೀರನ್ನೇ ಒಡೆದರೆ ಎಲ್ಲ ಶುದ್ಧ. ಆದರೆ ನೀರು ಸುಲಭಕ್ಕೆ ಒಡೆಯುವುದಿಲ್ಲ. ಅದನ್ನು ಚೆನ್ನಾಗಿ ಒಡೆಯುವ ಲೋಹ ಪ್ಲಾಟಿನಮ್, ಅದು ಸಿಗುವುದೇ ಅಪರೂಪ. ಪ್ಲಾಟಿನಮ್ ಇಲ್ಲದೆ ಪ್ಲಾಟಿನಮ್ಮಿನ ಕೆಲಸ ಮಾಡುವ ಹೊಸ ವಸ್ತು ಬೇಕು. ನೀಲಾ ಹುಡುಕುತ್ತಿದ್ದದ್ದು ಅದನ್ನೇ.

ಅವಳು ನಿಕ್ಕಲ್ ಮತ್ತು ಮಾಲಿಬ್ಡಿನಮ್ ಎಂಬ ಎರಡು ಲೋಹಗಳ ಉಪ್ಪು ಬೆರೆಸಿ, ಅಂಗೈಗಿಂತ ಚಿಕ್ಕದಾದ ನಿಕ್ಕಲ್ ಜಾಲರಿಗೆ ಹಚ್ಚಿ, ಕುಲುಮೆಯಲ್ಲಿ ಸುಡುತ್ತಿದ್ದಳು. ಬೂದು ಬಣ್ಣದ ಆ ಜಾಲರಿಯನ್ನು ಕ್ಷಾರದ ನೀರಿನಲ್ಲಿ ಇಳಿಬಿಡುತ್ತಿದ್ದಳು. ಆದರೆ ಕರೆಂಟು ಹರಿಯಲು ಎರಡು ತುದಿ ಬೇಕಲ್ಲ. ಒಂದು ತುದಿ ಅವಳ ಜಾಲರಿ. ಎದುರಿನ ತುದಿಗೆ ಒಂದು ಪ್ಲಾಟಿನಮ್ ತಂತಿ.

ಅಬ್ಬಾ, ಆ ತಂತಿಯ ಠೀವಿಯೇ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಅದರ ವಾಸ, ಗೈಡ್ ಸಂಶಿಮಠ ಸರ್ ಅವರ ಕಪಾಟಿನಲ್ಲಿ ಬೀಗದೊಳಗೆ. ಬೆಳಿಗ್ಗೆ ಕೈಗೆ ಗವಸು ಹಾಕಿ ತೆಗೆಯಬೇಕು, ಸಂಜೆ ಒರೆಸಿ ಇಡಬೇಕು. ಅದು ಯಾವುದಕ್ಕೂ ಬೆರೆಯುವುದಿಲ್ಲ, ಎಂದೂ ಸವೆಯುವುದಿಲ್ಲ, ಎದುರಿಗೆ ಸುಮ್ಮನೆ ನಿಂತಿರುತ್ತದೆ ಎಂದು ಗುರುಗಳು ಕಲಿಸಿದ್ದರು, ಅವರಿಗೆ ಅವರ ಗುರುಗಳು ಕಲಿಸಿದ್ದರು. ಹಾಗಾಗಿ ಆ ತಂತಿಯ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಜಾಲರಿಯ ಮೇಲೆ.

ಮತ್ತು ಆ ಜಾಲರಿ ಪವಾಡವನ್ನೇ ಮಾಡಿತು. ಮೊದಲ ದಿನ ಸಾಧಾರಣ ಗುಳ್ಳೆ. ಮೂರನೆಯ ದಿನ ಹೆಚ್ಚು. ಹತ್ತನೆಯ ದಿನಕ್ಕೆ ಪ್ಲಾಟಿನಮ್ಮಿಗೆ ಸರಿಸಮ. ಬಳಸಿದಷ್ಟೂ ಚುರುಕಾಗುವ ವಸ್ತು. ಸಂಶಿಮಠ ಸರ್ ಗಣಕದ ಗೆರೆಯನ್ನು ನೋಡಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಪ್ರಬಂಧ ಬರೆದು ಕಳಿಸಿದರು, ದೊಡ್ಡ ಪತ್ರಿಕೆಯೊಂದು ಒಪ್ಪಿಯೂಬಿಟ್ಟಿತು. ವಿಭಾಗದಲ್ಲಿ ಪೇಢೆ ಹಂಚಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ, ಆದರೆ ಆಗ ನನಗೂ ಅದು ಗೊತ್ತಿರಲಿಲ್ಲ. ನಾನೂ ಕಟ್ಟೆಯ ಮೇಲೆ ನಿಂತು ಖುಷಿಪಟ್ಟೆ.

ಪೇಢೆ ಹಂಚಿದ ವಾರದಲ್ಲಿ ಮೌನೇಶ ಪತ್ತಾರರು ರೊಟ್ಟಿಯ ಬುತ್ತಿ ಹಿಡಿದು ಮಗಳ ಪ್ರಯೋಗಶಾಲೆ ನೋಡಲು ಬಂದರು. ಬಿಳಿ ಅಂಗಿ, ಕರಿ ಟೋಪಿ, ಬಗ್ಗಿ ಬಗ್ಗಿ ಕೆಲಸ ಮಾಡಿ ಗೂನಾದ ಬೆನ್ನು. ನೀಲಾ ಅವರನ್ನು ಸ್ಟೂಲಿನ ಮೇಲೆ ಕೂರಿಸಿ ಎಲ್ಲ ತೋರಿಸಿದಳು. ಅವರು ಜಾಲರಿ ನೋಡಿದರು, ಗುಳ್ಳೆ ನೋಡಿದರು, ತಲೆಯಾಡಿಸಿದರು. ಆಮೇಲೆ ಎದುರಿನ ತಂತಿಯನ್ನು ಕೇಳಿ ಇಸಿದುಕೊಂಡು ಬೆಳಕಿಗೆ ಹಿಡಿದರು. ಬೆರಳ ತುದಿಯಿಂದ ಸವರಿದರು.

“ಈ ತಂತಿ ಸವದೈತಲ್ಲವ್ವ.”

“ಪ್ಲಾಟಿನಮ್ ಅಪ್ಪಾ ಅದು. ಸವಿಯಂಗಿಲ್ಲ.”

“ಸವೀಲಾರದ ಲೋಹ ನಾ ಒಂದೂ ಕಂಡಿಲ್ಲ. ತುದೀಗೆ ನೋಡು, ಮ್ಯಾಲಿಗಿಂತ ಕೆಳಗ ಸಣ್ಣ ಐತಿ. ತರಬೇಕಾರ ತೂಕ ಎಷ್ಟಿತ್ತು?”

ಪೆಟ್ಟಿಗೆಯ ಮುಚ್ಚಳದ ಒಳಗೆ ತೂಕದ ಚೀಟಿ ಅಂಟಿಸಿತ್ತು. ಅಪ್ಪನ ಸಮಾಧಾನಕ್ಕೆಂದು ನೀಲಾ ತಂತಿಯನ್ನು ಗಾಜಿನ ಮನೆಯೊಳಗಿನ ತಕ್ಕಡಿಯಲ್ಲಿಟ್ಟಳು. ಹನ್ನೊಂದು ಮಿಲಿಗ್ರಾಂ ಕಡಿಮೆ. ಮತ್ತೆ ತೂಗಿದಳು, ಅಷ್ಟೇ. ಬಾಗಿಲ ಬಳಿ ನಿಂತಿದ್ದ ಹುಸೇನಸಾಬನ ಮುಖ ಬಿಳುಚಿತು. “ಅವ್ವಾರ, ಪೆಟಗಿ ಕೀಲಿ ಸರ್ ಕಡೇನ ಇರ್ತೈತ್ರಿ. ನಾ ಮುಟ್ಟಿಲ್ರಿ” ಎಂದ.

“ಯಾರೂ ಕದ್ದಿಲ್ಲ ಬಿಡಪಾ” ಎಂದರು ಮೌನೇಶ. “ನಮ್ಮ ಅಂಗಡಿ ಕಸ ಸೈತ ನಾವು ಬೀದಿಗೆ ಚೆಲ್ಲಂಗಿಲ್ಲ. ವರ್ಷಕ್ಕೊಮ್ಮೆ ಕಸ ತೊಳಿಯೋರು ಬಂದು ಒಯ್ತಾರ, ತೊಳದ್ರ ಅದರಾಗ ಚಿನ್ನ ಸಿಗತೈತಿ. ಲೋಹ ಕುಂತಲ್ಲೇ ಕುಂದ್ರಂಗಿಲ್ಲವ್ವ. ಕುಂಚಕ್ಕ ಹತ್ತತೈತಿ, ಉಟ್ಟ ಅರಿವಿಗೆ ಹತ್ತತೈತಿ, ನೆಲಕ್ಕ ಹತ್ತತೈತಿ. ನಿನ್ನ ತಂತಿದು ಎಲ್ಲಿ ಹತ್ತೇತಿ, ಅದನ್ನ ನೋಡು.”

ನೀಲಾ ಗಾಜಿನ ಪಾತ್ರೆಯ ಕಡೆ ತಿರುಗಿದಳು. ಒಳಗೆ ಇರುವುದು ಎರಡೇ ವಸ್ತು. ಒಂದು ತಂತಿ, ಒಂದು ಅವಳ ಜಾಲರಿ. ದಿನದಿಂದ ದಿನಕ್ಕೆ ಚುರುಕಾಗುತ್ತಿದ್ದ ಜಾಲರಿ. ಅವಳು ಪಾತ್ರೆಯ ಮುಂದೆಯೇ ಕೂತಳು. ಬುತ್ತಿ ಬಿಚ್ಚಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ. ಆ ಠೀವಿಯ ತಂತಿ ಕರೆಂಟಿನ ಹೊಡೆತಕ್ಕೆ ಕಣ್ಣಿಗೆ ಕಾಣದಷ್ಟು ಕರಗಿ, ನೀರು ದಾಟಿ, ಎದುರಿನ ಜಾಲರಿಗೆ ಹತ್ತಿಕೊಂಡಿತ್ತು. ಗುಳ್ಳೆ ಬಿಡುತ್ತಿದ್ದದ್ದು ನೀಲಾಳ ವಸ್ತುವೋ, ಅದರ ಮೈಗೆ ಮೆತ್ತಿದ ಪ್ಲಾಟಿನಮ್ಮೋ? ಪ್ಲಾಟಿನಮ್ ಬೇಡ ಎಂದು ಹೊರಟ ಕೆಲಸದಲ್ಲಿ ಪ್ಲಾಟಿನಮ್ಮೇ ಕದ್ದು ಬಂದು ಕೂತಿತ್ತು. ನಿಜ ತಿಳಿಯಬೇಕಾದರೆ ತಂತಿ ತೆಗೆದು, ಆ ಜಾಗಕ್ಕೆ ಮೋಸ ಮಾಡಲು ಬಾರದ ಇಂಗಾಲದ ಕಡ್ಡಿ ಹಾಕಬೇಕು.

ವಿಶ್ವವಿದ್ಯಾಲಯದಲ್ಲಿ ಕಡ್ಡಿ ತರಿಸುವುದೆಂದರೆ ಇಂಡೆಂಟು, ಮೂರು ಕಡೆಯ ದರಪಟ್ಟಿ, ನಾಲ್ಕು ಸಹಿ. ಬೇಗ ಎಂದರೆ ಆರು ತಿಂಗಳು. ನೀಲಾಳ ಮುಖ ನೋಡಿದರೆ ಅವಳು ಆರು ಗಂಟೆಯೂ ಕಾಯುವಂತಿರಲಿಲ್ಲ. ಹುಸೇನಸಾಬ ಕಿಟಕಿಯ ಕಡೆ ನೋಡಿ, “ಇದರಾಗ ಇರೋ ಕಡ್ಡಿ ನಡೀತೈತೇನ್ರಿ?” ಎಂದ. ಅವನ ಬೆರಳು ನನ್ನ ಕಡೆಗೇ ಇತ್ತು.

ಹೊರಗಿನ ಮೆಟ್ಟಿಲ ಮೇಲೆ ಕಲ್ಲಿನಿಂದ ಒಂದೇ ಏಟು. ತಗಡು ಹರಿದರು, ಕರಿ ಪುಡಿ ಕೊಡವಿದರು. ನೀಲಾ ಚಿಮಟದಿಂದ ನನ್ನ ಪಿತ್ತಾಳೆ ಟೋಪಿ ಕಿತ್ತು ಎಸೆದಳು, ಅದರ ತಾಮ್ರವೂ ನೀರಿಗೆ ಸೇರಬಾರದಂತೆ. ಆಮೇಲೆ ಆಸಿಡ್ಡಿನಲ್ಲಿ ಎರಡು ದಿನ ಕುದಿಸಿದರು, ಬಟ್ಟಿ ಇಳಿಸಿದ ನೀರಿನಲ್ಲಿ ಹತ್ತು ಸಲ ತೊಳೆದರು. ಭಟ್ಟಿಯಲ್ಲಿ ಸುಟ್ಟದ್ದು ಹುಟ್ಟಾದರೆ ಇದು ನನ್ನ ಎರಡನೆಯ ಹುಟ್ಟು. ಮೂರನೆಯ ದಿನ ಬೆಳಿಗ್ಗೆ ಹೊಸ ಜಾಲರಿಯ ಎದುರಿಗೆ, ಪ್ಲಾಟಿನಮ್ ನಿಲ್ಲುತ್ತಿದ್ದ ಜಾಗದಲ್ಲಿ ನನ್ನನ್ನು ಇಳಿಬಿಟ್ಟರು.

ನನ್ನಿಂದಲೂ ಏನೋ ಕರಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕರಗುವುದು ಬರೀ ಮಸಿ. ಮಸಿ ಎದುರಿನವರಿಗೆ ಹತ್ತಿದರೂ ಅವರ ಹೆಸರಿನಲ್ಲಿ ಗುಳ್ಳೆ ಬಿಡಲಾರದು.

ಕರೆಂಟು ಬಂತು. ಗುಳ್ಳೆ ಎದ್ದವು, ಆದರೆ ಸಣ್ಣವು, ಸೋಮಾರಿಗಳು. ಐದು ದಿನ ನಡೆಸಿದಳು. ಒಂದು ದಿನವೂ ಮೇಲೇರಲಿಲ್ಲ. ಪ್ರಬಂಧದಲ್ಲಿ ಬರೆದದ್ದರ ಮೂರರಲ್ಲಿ ಒಂದು ಪಾಲು, ಅಷ್ಟೇ. ನೀಲಾ ಗಣಕದ ಮುಂದೆ ಕೂತು ಗೆರೆಯನ್ನೇ ನೋಡುತ್ತಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಯಾಕಾದರೂ ಈ ಗಾಜಿನೊಳಗೆ ಬಂದೆನೋ ಎಂದು ನಾನು ಆವತ್ತು ನನ್ನನ್ನೇ ಶಪಿಸಿಕೊಂಡೆ.

ಸಂಶಿಮಠ ಸರ್ ಬಂದು ಎಲ್ಲ ಕೇಳಿದರು. ಕೆಟ್ಟ ಮನುಷ್ಯರಲ್ಲ ಅವರು, ಆದರೆ ನಿವೃತ್ತಿಗೆ ಎರಡು ವರ್ಷ ಉಳಿದ ಮನುಷ್ಯ. “ಪ್ಲಾಟಿನಮ್ ತಂತಿ ಎಲ್ಲಾ ಲ್ಯಾಬಿನ್ಯಾಗೂ ಹಚ್ತಾರ ನೀಲಾ. ಪತ್ರಿಕೆಯವರು ಕೇಳಿಲ್ಲ, ಯಾರೂ ಕೇಳಂಗಿಲ್ಲ. ನಿನಗ ಉಳಿದಿರೋದು ಹದಿನೆಂಟ ತಿಂಗಳು. ವಿಚಾರ ಮಾಡು” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅಷ್ಟು ಹೇಳಿ ಹೋದರು. ಹದಿನೆಂಟು ತಿಂಗಳ ಮೇಲೆ ವಿಶ್ವವಿದ್ಯಾಲಯ ಅವಳ ನೋಂದಣಿಯನ್ನೇ ರದ್ದು ಮಾಡುತ್ತದೆ. ಪ್ರಬಂಧ ಇಟ್ಟುಕೊಂಡರೆ ಡಾಕ್ಟರೇಟು ಕೈಯಲ್ಲೇ ಇತ್ತು. ಹಿಂದಕ್ಕೆ ತೆಗೆದುಕೊಂಡರೆ ಕೈಯಲ್ಲಿ ಏನೂ ಇಲ್ಲ.

ನೀಲಾ ಅಪ್ಪನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. ಅವಳು ನಡೆದದ್ದನ್ನೆಲ್ಲ ಹೇಳಿದಳು.

“ಅಕ್ಕಸಾಲಿ ಅಕ್ಕನ ಚಿನ್ನಾನೂ ಬಿಡಂಗಿಲ್ಲ ಅಂತ ಮಂದಿ ಅಂತಾರ” ಎಂದರು ಮೌನೇಶ. “ನಲವತ್ತ ವರ್ಷ ನಾ ಆ ಮಾತು ಸುಳ್ಳ ಮಾಡಾಕ ಬದುಕೀನಿ ನೀಲವ್ವ. ಗಿರಾಕಿ ಕಣ್ಣಮುಂದ ಕಾಸೇನಿ, ಕಣ್ಣಮುಂದ ತೂಗೇನಿ. ಗೊತ್ತಿಲ್ದ ಬೆರತದ್ದು ತಪ್ಪಲ್ಲ. ಗೊತ್ತಾದ ಮ್ಯಾಲ ಸುಮ್ಮನಿದ್ರ ಅದು ಕಲಬೆರಕಿ. ನೀ ಡಾಕ್ಟರ್ ಆಗದಿದ್ರೂ ನನ್ನ ಮಗಳ.”

ಮಧ್ಯಾಹ್ನದೊಳಗೆ ಅವಳು ಪತ್ರಿಕೆಗೆ ಬರೆದು ಪ್ರಬಂಧವನ್ನು ಹಿಂದಕ್ಕೆ ತೆಗೆದುಕೊಂಡಳು. ಪತ್ರವನ್ನು ಸಂಶಿಮಠ ಸರ್ ಅವರಿಗೆ ತೋರಿಸಿದಾಗ ಅವರು ಓದಿ, ಕೆಳಗೆ ತಮ್ಮ ಹೆಸರನ್ನೂ ಸೇರಿಸು ಎಂದರು. ಅಂದಿನಿಂದ ಅವರ ಮೇಲೆ ನನಗೆ ಗೌರವ.

ಆಮೇಲಿನ ಹದಿನೆಂಟು ತಿಂಗಳು ನಾನೂ ಅವಳೂ ಎದುರುಬದುರು ದುಡಿದೆವು. ಅವಳು ಹೊಸ ಜಾಲರಿ ಸುಡುವುದು, ನನ್ನ ಎದುರು ನಿಲ್ಲಿಸುವುದು, ಅದು ಸೋಲುವುದು. ಸುಳ್ಳು ಬೇಡವೆಂದರೆ ಸೋಲು ಖಾಯಂ ನೆಂಟ. ಮಾಲಿಬ್ಡಿನಮ್ ಹೆಚ್ಚು ಮಾಡಿದಳು, ಕಡಿಮೆ ಮಾಡಿದಳು, ಕಬ್ಬಿಣ ಸೇರಿಸಿದಳು, ಬಿಟ್ಟಳು. ಜಾಲರಿಗೆ ನಂಬರ್ ಬರೆಯುತ್ತಿದ್ದಳು. ನಲವತ್ತು ದಾಟಿತು. ಅರವತ್ತು ದಾಟಿತು. ಪ್ರತಿ ಸಲವೂ ನಾನು ಒಂಚೂರು ಸವೆಯುತ್ತಿದ್ದೆ.

ತಿರುವು ಬಂದದ್ದು ಅವರಪ್ಪನ ಅಂಗಡಿಯಿಂದಲೇ. ದಸರೆಯ ರಜೆಗೆ ಹೋಗಿ ಬಂದ ನೀಲಾ ಹುಸೇನಸಾಬನಿಗೆ ಹೇಳುತ್ತಿದ್ದಳು. ಅಪ್ಪ ಒಂದು ಬಿಲ್ವಾರಕ್ಕೆ, ಅಂದರೆ ಕೆತ್ತನೆಯ ಬಳೆಗೆ, ಬೆಸುಗೆ ಹಾಕುತ್ತಿದ್ದರಂತೆ. ಊದುಗೊಳವೆಯಿಂದ ಒಂದಿಷ್ಟು ಉರಿ, ಆಮೇಲೆ ಬಿಡುವು, ಮತ್ತೆ ಉರಿ, ಮತ್ತೆ ಬಿಡುವು. ಒಮ್ಮೆಲೇ ಉರಿ ಕೊಟ್ಟರೆ ಬೆಸುಗೆ ಓಡಿಹೋಗಿ ಸಣ್ಣ ಕೆತ್ತನೆಯೆಲ್ಲ ಮುಚ್ಚಿಹೋಗುತ್ತದೆ ಎಂದರಂತೆ. “ನಾನೂ ಅದನ್ನ ಮಾಡಾಕತ್ತೀನಿ ಹುಸೇನಚಾಚಾ. ಒಮ್ಮೆಲೇ ಉರಿ ಕೊಟ್ಟು ಜಾಲರಿ ತೂತೆಲ್ಲಾ ನಾನ ಮುಚ್ಚಾಕತ್ತೀನಿ. ತೂತು ಮುಚ್ಚಿದ್ರ ನೀರು ಒಳಗ ಹೋಗೋದು ಹ್ಯಾಂಗ?”

ಅಂದಿನಿಂದ ಕುಲುಮೆಗೆ ಹದವಾದ ಉರಿ. ಐವತ್ತು ಡಿಗ್ರಿ ಏರಿಸಿ ಒಂದು ಗಂಟೆ ಬಿಡುವು, ಮತ್ತೆ ಐವತ್ತು. ಒಂದು ಜಾಲರಿಗೆ ಪೂರಾ ಒಂದು ದಿನ. ಎಂಬತ್ತೇಳನೆಯ ಜಾಲರಿ ಹೊರಬಂದಾಗ ಬೂದು ಬಣ್ಣವೇ ಬೇರೆ ಇತ್ತು, ಮಖಮಲ್ಲಿನಂತೆ ಬೆಳಕನ್ನು ನುಂಗುತ್ತಿತ್ತು. ನೀಲಾ ಅದನ್ನು ನನ್ನೆದುರು ಇಳಿಬಿಟ್ಟು ಗುಂಡಿ ಒತ್ತಿದಳು.

ಜಾಲರಿಯ ಮೈಯೆಲ್ಲ ಬೆಳ್ಳಗಾಯಿತು. ಗುಳ್ಳೆಗಳು ಸಾಲುಗಟ್ಟಿ, ಒಂದನ್ನೊಂದು ತಳ್ಳಿಕೊಂಡು ಮೇಲೇರಿದವು. ಗಣಕದ ಗೆರೆ ಹಳೆಯ ಸುಳ್ಳು ಗೆರೆಯನ್ನು ಮೊದಲ ಗಂಟೆಯಲ್ಲೇ ದಾಟಿತು. ನೀಲಾ ನಗಲಿಲ್ಲ, ಯಾರನ್ನೂ ಕರೆಯಲಿಲ್ಲ, ಪೇಢೆ ತರಿಸಲಿಲ್ಲ. ಮೂವತ್ತು ದಿನ ಬಿಡದೆ ನಡೆಸಿದಳು. ಏರಲೂ ಇಲ್ಲ, ಇಳಿಯಲೂ ಇಲ್ಲ. ಏರದಿದ್ದದ್ದೇ ಅವಳಿಗೆ ಹೆಚ್ಚಿನ ಖುಷಿ ಎಂದು ನನಗೆ ಗೊತ್ತಿತ್ತು. ಮೂವತ್ತೊಂದನೆಯ ದಿನ ಜಾಲರಿಯನ್ನು ಒಣಗಿಸಿ ತೂಗಿದಳು. ನೀರಿಗೆ ಇಳಿಸುವಾಗಿದ್ದ ತೂಕವೇ, ಏನೂ ಹತ್ತಿರಲಿಲ್ಲ. ಆಗ ತಕ್ಕಡಿಯ ಮುಂದೆ ತಲೆಯಿಟ್ಟು ಅತ್ತಳು, ಹದಿನೆಂಟು ತಿಂಗಳ ಅಳುವನ್ನೆಲ್ಲ ಒಟ್ಟಿಗೆ ಅತ್ತಳು. ಹುಸೇನಸಾಬ ಬಾಗಿಲು ಮುಂದೆ ಮಾಡಿ ಹೊರಗೆ ಕಾವಲು ನಿಂತ.

ಗಡುವಿಗೆ ಒಂಬತ್ತು ದಿನ ಇರುವಾಗ ಥೀಸಿಸ್ ಸಲ್ಲಿಕೆಯಾಯಿತು. ವೈವಾ ಪರೀಕ್ಷೆಗೆ ಮೈಸೂರಿನಿಂದ ಡಾ. ಪಂಕಜಾಕ್ಷಿ ಬಂದರು. ಈ ವಿದ್ಯೆಯಲ್ಲಿ ಅವರ ಹೆಸರು ಕೇಳಿದರೆ ಸಂಶೋಧಕರಿಗೆ ನೀರು ಇಳಿಯುವುದಿಲ್ಲ, ಅಷ್ಟು ಕಟ್ಟುನಿಟ್ಟು. ಹುಸೇನಸಾಬ ನನ್ನನ್ನು ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಸಭಾಂಗಣಕ್ಕೆ ಬಂದಿದ್ದ. ಹಿಂದಿನ ಸಾಲಿನಲ್ಲಿ ಮೌನೇಶ ಪತ್ತಾರರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

“ಎರಡನೇ ಅಧ್ಯಾಯ ಪೂರ್ತಿ ನಿಮ್ಮ ತಪ್ಪೇ ಇದೆ” ಎಂದರು ಪಂಕಜಾಕ್ಷಿ. “ಇದನ್ನ ಬಿಟ್ಟಿದ್ರೂ ಥೀಸಿಸ್ ನಿಲ್ತಿತ್ತಲ್ಲಮ್ಮ. ಯಾಕೆ ಬರೆದ್ರಿ?”

“ನಿಲ್ತಿತ್ರಿ ಮೇಡಂ. ಆದ್ರ ನಾ ಬಿದ್ದ ತಗ್ಗಿನ ಮ್ಯಾಲ ಎಲಿ ಹರವಿ ಹೋದ್ರ, ಹಿಂದ ಬರೋರು ಅದರಾಗ ಬೀಳ್ತಾರ್ರಿ.”

ಪಂಕಜಾಕ್ಷಿ ಏನೋ ಬರೆದುಕೊಂಡರು. ಮುಕ್ಕಾಲು ಗಂಟೆ ಪ್ರಶ್ನೆಯ ಮಳೆ. ನೀಲಾ ಒಂದಕ್ಕೂ ತಡವರಿಸಲಿಲ್ಲ. ಕೊನೆಗೆ ಪಂಕಜಾಕ್ಷಿ ಎದ್ದು ನಿಂತು, ನೀಲಾಂಬಿಕಾ ಪತ್ತಾರ ಅವರಿಗೆ ಪಿಎಚ್.ಡಿ. ಕೊಡಲು ಶಿಫಾರಸು ಮಾಡುತ್ತೇನೆ ಎಂದಾಗ ಸಭಾಂಗಣ ಚಪ್ಪಾಳೆಯಿಂದ ತುಂಬಿತು. ಹುಸೇನಸಾಬ ಎಷ್ಟು ಜೋರಾಗಿ ತಟ್ಟಿದನೆಂದರೆ ಜೇಬಿನಲ್ಲಿ ನನಗೆ ಭೂಕಂಪ.

ಆಮೇಲೆ ಪಂಕಜಾಕ್ಷಿ ಪ್ರಯೋಗಶಾಲೆಗೆ ಬಂದು ಆ ಕಡ್ಡಿ ನೋಡಬೇಕು ಎಂದರು. ಹುಸೇನಸಾಬ ಕಾಗದ ಬಿಚ್ಚಿ ಕೊಟ್ಟ. ಅಷ್ಟು ಹೊತ್ತಿಗೆ ನಾನು ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ ಇದ್ದೆ, ಅಷ್ಟೇ. ಅವರು ಎತ್ತಿ ಹಿಡಿದದ್ದೇ ತಡ, ಟಕ್ ಎಂದು ಎರಡು ತುಂಡಾದೆ.

“ಇರ್ಲಿ ಬಿಡ್ರಿ ಮೇಡಂ” ಎಂದಳು ನೀಲಾ. “ಭಾಳ ದುಡದೈತಿ.”

ಪಂಕಜಾಕ್ಷಿ ಎರಡು ತುಂಡನ್ನೂ ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದರು. ಆಮೇಲೆ, “ಒಂದು ತುಂಡು ನಾನು ತಗೊಂಡು ಹೋಗ್ಲಾ?” ಎಂದು ಕೇಳಿದರು.

“ನೆನಪಿಗೇನ್ರಿ ಮೇಡಂ?” ಎಂದು ಸಂಶಿಮಠ ಸರ್ ನಕ್ಕರು.

“ನೆನಪಿಗಲ್ಲ ಸರ್. ನಮ್ಮ ಲ್ಯಾಬಲ್ಲೂ ಒಂದು ಮೆಟೀರಿಯಲ್ ಇದೆ. ಎದುರಿಗೆ ಪ್ಲಾಟಿನಮ್ಮೇ ಹಾಕಿದ್ದೀವಿ. ಹೋದ ತಿಂಗಳು ಪೇಪರ್ ಕಳಿಸಿದ್ವಿ.” ತುಂಡುಗಳನ್ನು ನೋಡುತ್ತಲೇ ಹೇಳಿದರು, “ಅದೂ ದಿನದಿಂದ ದಿನಕ್ಕೆ ಚೆನ್ನಾಗ್ತಾನೇ ಇದೆ.”

ನೀಲಾ ಉದ್ದದ ತುಂಡನ್ನು ಆರಿಸಿ ಹೊಸ ಕಾಗದದಲ್ಲಿ ಸುತ್ತಿದಳು. ಜೊತೆಗೆ ಎಂಬತ್ತೇಳನೆಯ ಜಾಲರಿಯ ಒಂದು ಮೂಲೆಯನ್ನೂ ಕತ್ತರಿಸಿ ಇಟ್ಟಳು. “ಕಡ್ಡಿ ಮೊದಲ ಆಸಿಡ್ಡಿನಾಗ ಕುದಿಸ್ಕೊಳ್ರಿ ಮೇಡಂ” ಎಂದಳು.

ಹೀಗೆ ನಾನೀಗ ಎರಡು ಊರಿನ ನಿವಾಸಿ. ಮಾತಾಡುತ್ತಿರುವವನು ಇಲ್ಲಿ ಉಳಿದ ಮೋಟು ತುಂಡು, ಡ್ರಾಯರಿನ ಮೂಲೆಯಲ್ಲಿ ಮಲಗಿದವನು. ಪಕ್ಕದಲ್ಲಿ ಇಂಡೆಂಟು ಹಾಕಿ ತರಿಸಿದ ಕಡ್ಡಿ ಇದೆ. ಕೊನೆಗೂ ಬಂತು, ಹೊಳೆಯುತ್ತದೆ, ಒಳ್ಳೆಯವನೇ. ಮುದಿತನ ಎಂದರೆ ಬೇಜಾರು ಎನ್ನುತ್ತಾರೆ, ನನಗೆ ಹಾಗೆನಿಸಿಲ್ಲ. ಯಾರಿಗೂ ಸುಳ್ಳು ಹೊಳಪು ಕೊಡದೆ ಸವೆದವನಿಗೆ ಒಳ್ಳೆಯ ನಿದ್ದೆ ಬರುತ್ತದೆ.

ಹೋದ ವಾರ ಮೈಸೂರಿನಿಂದ ಪತ್ರ ಬಂತು. ಡಾಕ್ಟರ್ ನೀಲಾಂಬಿಕಾ ಅದನ್ನು ಡ್ರಾಯರಿನ ಪಕ್ಕದಲ್ಲೇ ನಿಂತು ಹುಸೇನಸಾಬನಿಗೆ ಗಟ್ಟಿಯಾಗಿ ಓದಿದಳು. ನಾಲ್ಕೇ ಸಾಲು. ನಿಮ್ಮ ಕಡ್ಡಿಯ ಎದುರು ನಮ್ಮ ವಸ್ತು ಬಿತ್ತು. ಪೇಪರ್ ಹಿಂದಕ್ಕೆ ತೆಗೆದುಕೊಂಡಿದ್ದೇವೆ. ಅದೇ ಕಡ್ಡಿಯ ಎದುರು ನಿಮ್ಮ ಜಾಲರಿಯನ್ನು ಮೂವತ್ತು ದಿನ ನಡೆಸಿದೆವು. ನೀವು ಬರೆದ ಅಂಕಿಯೇ ಬಂತು.